ಹಿಮದ ಸ್ಕೀ, ಎರಿಯ ಗಾಲಿ: ಪುಷ್ಪಕ ವಿಮಾನದ ಕಾಲುಗಳ ಕುರಿತು ಒಂದು ಟಿಪ್ಪಣಿ

ವಿಮಾನದ ಚರಿತ್ರೆ ಬರೆಯುವವರು ರೆಕ್ಕೆ ಮತ್ತು ಎಂಜಿನ್ನಿನ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ವಿಮಾನ ಇಳಿಯುವ ನೆಲವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಹಗುರ ವಿಮಾನಗಳ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. ಅವು ಎಲ್ಲಿ ಬಾಳುತ್ತವೆ, ಎಲ್ಲಿ ಬಾಳುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ನೆಲವೇ ತೀರ್ಮಾನಿಸುತ್ತದೆ. ರೋಣ, ನರಗುಂದ, ಗಜೇಂದ್ರಗಡದ ನೆಲವನ್ನು ಮುಂದಿಟ್ಟುಕೊಂಡು ಇದನ್ನು ಪರೀಕ್ಷಿಸುವುದು ಈ ಟಿಪ್ಪಣಿಯ ಉದ್ದೇಶ.

ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾದ ಪುಷ್ಪಕ 1958ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. ವಿ. ಎಂ. ಘಾಟಗೆಯವರ ವಿನ್ಯಾಸ ವಿಭಾಗದಿಂದ ಬಂದ, ಇಬ್ಬರು ಅಕ್ಕಪಕ್ಕ ಕೂರಬಹುದಾದ, ಬಟ್ಟೆ ಹೊದಿಸಿದ, 90 ಅಶ್ವಶಕ್ತಿಯ ವಿಮಾನವಿದು. ರೆಕ್ಕೆ ನೆತ್ತಿಯ ಮೇಲೆ, ಸಣ್ಣ ಗಾಲಿ ಬಾಲದ ಕೆಳಗೆ. ಸುಮಾರು 160 ಪುಷ್ಪಕಗಳು ತಯಾರಾಗಿ, ಹೆಚ್ಚಿನವು ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿದವು. ಇದರ ರೂಪಕ್ಕೆ ಆಧಾರವಾದದ್ದು ಅಮೆರಿಕದ ಒಹಾಯೊದಲ್ಲಿ 1940ರ ದಶಕದಲ್ಲಿ ತಯಾರಾದ ಏರೋಂಕಾ ಚೀಫ್. ಆ ಚೀಫ್‌ಗಳು ಉತ್ತರ ಅಮೆರಿಕದಲ್ಲಿ ಇಂದಿಗೂ ಚಳಿಗಾಲ ಬಂದೊಡನೆ ಗಾಲಿ ಕಳಚಿ, ಸ್ಕೀ ತೊಟ್ಟು, ಹೆಪ್ಪುಗಟ್ಟಿದ ಕೆರೆಗಳ ಮೇಲೆ ಇಳಿಯುತ್ತವೆ. ಒಂದೇ ಮನೆತನದ ಎರಡು ವಿಮಾನಗಳಲ್ಲಿ ಒಂದು ಹಿಮಕ್ಕೆ ಒಗ್ಗಿತು, ಇನ್ನೊಂದು ನಮ್ಮ ಹುಲ್ಲುಗಾವಲಿಗೆ ಒಗ್ಗಿತು.

ಸ್ಕೀ ಮಾಡುವ ಮೊದಲ ಕೆಲಸ ಭಾರವನ್ನು ಹರಡುವುದು. ತುಂಬಿದ ಪುಷ್ಪಕದ ತೂಕ ಸುಮಾರು 610 ಕಿಲೋ. ಒಂದೂವರೆ ಮೀಟರ್ ಉದ್ದ, 28 ಸೆಂ.ಮೀ. ಅಗಲದ ಎರಡು ಸ್ಕೀ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ ಬೀಳುವ ಭಾರ ಹೆಚ್ಚೆಂದರೆ 73 ಗ್ರಾಂ. ನಿಂತ ಮನುಷ್ಯನ ಪಾದದ ಒತ್ತಡ ಇದಕ್ಕಿಂತ ಹೆಚ್ಚು. ಪೈಲಟ್ ಕೆಳಗಿಳಿದರೆ ಮೊಣಕಾಲಿನವರೆಗೆ ಹೂತುಹೋಗುವ ಹಿಮದ ಮೇಲೆ ಅವನ ವಿಮಾನ ನಿಂತಿರುತ್ತದೆ. ಎರಡನೆಯ ಕೆಲಸ ಜಾರುವುದು. ಉಜ್ಜುವಿಕೆಯ ಬಿಸಿಗೆ ಹಿಮದ ಮೇಲ್ಪದರ ಕರಗಿ ತೆಳುವಾದ ನೀರಿನ ಪೊರೆ ಹುಟ್ಟುತ್ತದೆ, ಸ್ಕೀ ಅದರ ಮೇಲೆ ಓಡುತ್ತದೆ. ಹಾರಾಟದಲ್ಲಿ ಸ್ಕೀಯ ಮೂತಿ ಕೆಳಗೆ ಬೀಳದಂತೆ ಮುಂದೆ ರಬ್ಬರ್ ಹಗ್ಗ ಎಳೆದು ಹಿಡಿದಿರುತ್ತದೆ, ಅದು ಹರಿದರೂ ಅನಾಹುತವಾಗದಂತೆ ಹಿಂದೆ ಮುಂದೆ ಉಕ್ಕಿನ ತಂತಿಗಳು ಕಾವಲಿರುತ್ತವೆ. ಬರೀ ಸ್ಕೀ ತೊಟ್ಟ ವಿಮಾನಕ್ಕೆ ಬ್ರೇಕ್ ಇರುವುದಿಲ್ಲ. ನಿಂತ ಮೇಲೆ ಸ್ಕೀ ಹಿಮಕ್ಕೆ ಕಚ್ಚಿಕೊಳ್ಳದಂತೆ ಅಡಿಯಲ್ಲಿ ಮರದ ಕೊಂಬೆ ಹಾಸುವುದು ಅಲ್ಲಿನ ರೂಢಿ.

ಈಗ ನಮ್ಮ ನೆಲಕ್ಕೆ ಬರೋಣ. ನರಗುಂದ ಮತ್ತು ರೋಣದ ಬಹುಭಾಗ ಎರಿ ಹೊಲ. ಗಜೇಂದ್ರಗಡದ ಕಡೆ ಹೋದಂತೆ ಮಸಾರಿ, ಕಲ್ಲು ಮತ್ತು ಗುಡ್ಡ, ಗುಡ್ಡದ ಮೇಲೆ ಗಾಳಿಯಂತ್ರ. ಎರಿ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಳೆಯಾದ ಮರುದಿನ ಹೊಲಕ್ಕೆ ಹೋದವರಿಗೆ ಚಪ್ಪಲಿಗೆ ಮೆತ್ತಿಕೊಂಡ ಮಣ್ಣಿನ ಭಾರ ಗೊತ್ತು. ಹಗುರ ವಿಮಾನದ ಗಾಲಿಯೂ ಹಾಗೆಯೇ ಮಣ್ಣು ಸುತ್ತಿಕೊಂಡು ನಿಂತುಬಿಡುತ್ತದೆ. ಗಾಲಿಗೆ ಬದಲು ಸ್ಕೀ ತೊಡಿಸಿದರೆ? ಭಾರ ಹರಡುವುದರಿಂದ ವಿಮಾನ ಹೂತುಹೋಗದು, ಆದರೆ ಜಾರಲಾರದು. ಹಸಿ ಎರಿ ಅಗಲವಾದ ತಳವನ್ನು ಇನ್ನಷ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಸ್ಕೀಯ ಎರಡು ಗುಣಗಳಲ್ಲಿ ಇಲ್ಲಿ ದಕ್ಕುವುದು ಒಂದೇ, ಹಾರಲು ಬೇಕಾದದ್ದು ಇನ್ನೊಂದು. ಹಿಮನಾಡಿನ ಪೈಲಟ್‌ಗಳಿಗೂ ಇಂಥದೇ ಭಯವಿದೆ: ಕೆರೆಯ ಮಂಜುಗಡ್ಡೆಯ ಮೇಲೆ, ಹಿಮದ ಅಡಿಯಲ್ಲಿ ಕಾಣದಂತೆ ನಿಂತ ನೀರು. ಅದಕ್ಕೆ ಸಿಕ್ಕ ಸ್ಕೀ ಕೆಸರಿಗೆ ಸಿಕ್ಕಂತೆ ನಿಲ್ಲುತ್ತದೆ, ರಾತ್ರಿಯಾದರೆ ಅಲ್ಲೇ ಹೆಪ್ಪುಗಟ್ಟುತ್ತದೆ.

ಚಳಿಗಾಲ ಇಲ್ಲಿ ಹಿಂಗಾರಿಯ ಕಾಲ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲುವ ಹೊತ್ತಿಗೆ ಬಿಳಿಜೋಳ, ಕಡಲೆ, ಕುಸುಬಿ ನಿಂತಿರುತ್ತವೆ. ಇಳಿಯಲು ಖಾಲಿ ಹೊಲ ಸಿಗುವುದು ಸುಗ್ಗಿ ಮುಗಿದ ಮೇಲೆ, ಆಗ ನೆಲ ಬಿರುಕು ಬಿಟ್ಟಿರುತ್ತದೆ. ಬಾಲದ ಪುಟ್ಟ ಗಾಲಿ ಸಿಕ್ಕಿಕೊಳ್ಳಲು ಒಂದು ಬಿರುಕು ಸಾಕು. ಹಾಗಾಗಿ ಈ ಸೀಮೆಯಲ್ಲಿ ಹಗುರ ವಿಮಾನಕ್ಕೆ ಕಾಲಿಡಲು ತಕ್ಕ ಜಾಗ ಮಸಾರಿ ನೆಲ, ಇಲ್ಲವೆ ಮೊರಂ ಹಾಕಿ ಗಟ್ಟಿಮಾಡಿದ ಪಟ್ಟಿ ಎಂಬುದು ನನ್ನ ಅಭಿಪ್ರಾಯ.

ಗಾಳಿಯ ಲೆಕ್ಕ ಬೇರೆಯದೇ ಕಥೆ ಹೇಳುತ್ತದೆ. ನೆಲದ ಎತ್ತರ 600 ಮೀಟರ್ ಎಂದು ಹಿಡಿದರೆ, 38 ಡಿಗ್ರಿಯ ಬೇಸಿಗೆ ಮಧ್ಯಾಹ್ನದ ಗಾಳಿ ವಿಮಾನದ ಪಾಲಿಗೆ ಸುಮಾರು 1,600 ಮೀಟರ್ ಎತ್ತರದಷ್ಟು ತೆಳುವಾಗಿರುತ್ತದೆ. 15 ಡಿಗ್ರಿಯ ಚಳಿಗಾಲದ ಮುಂಜಾವಿನಲ್ಲಿ ಅದು 750ಕ್ಕೆ ಇಳಿಯುತ್ತದೆ. ಅಷ್ಟೇ ಎತ್ತರದ ಹಿಮನಾಡಿನಲ್ಲಿ, ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಸಮುದ್ರಮಟ್ಟಕ್ಕಿಂತಲೂ ದಟ್ಟ. ಚೀಫ್‌ನ ಮೂಲ ಎಂಜಿನ್ ಬರೀ 65 ಅಶ್ವಶಕ್ತಿಯದು. ಆದರೂ ಅದು ಸ್ಕೀಯ ಹೆಚ್ಚುವರಿ ತೂಕ ಹೊತ್ತು ಏರುವುದಕ್ಕೆ ಈ ದಟ್ಟ ಗಾಳಿಯ ನೆರವು ದೊಡ್ಡದು.

ಹಿಮದ ಮೇಲಿನ ಹಳೆಯ ವಿಮಾನದ ಜೊತೆ ಭಾರತಕ್ಕೆ ನೇರ ಸಂಬಂಧವೂ ಇದೆ. ಅಂಟಾರ್ಕ್ಟಿಕಾದಲ್ಲಿ ನಮ್ಮ ಮೈತ್ರಿ ಮತ್ತು ಭಾರತಿ ನೆಲೆಗಳ ವಿಜ್ಞಾನಿಗಳನ್ನು ಸಾಗಿಸುವ ಬಾಸ್ಲರ್ ವಿಮಾನ, ಹಳೆಯ ಡಕೋಟಾದ ಒಡಲಿಗೆ ಹೊಸ ಟರ್ಬೊಪ್ರಾಪ್ ಎಂಜಿನ್ ಮತ್ತು ಸ್ಕೀ ಕೂಡಿಸಿ ಮಾಡಿದ್ದು. ಎರಡನೆಯ ಮಹಾಯುದ್ಧದಲ್ಲಿ ಬೆಂಗಳೂರಿನ ಕಾರ್ಖಾನೆ ಅದೇ ಡಕೋಟಾಗಳನ್ನು ದುರಸ್ತಿ ಮಾಡುತ್ತಿತ್ತು. ಅದು ದೊಡ್ಡ ವಿಮಾನ, ಅದರ ವಿಷಯ ಪ್ರತ್ಯೇಕ ಲೇಖನಕ್ಕೆ ತಕ್ಕದ್ದು.

ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಉಳಿದಿರುವ ಪುಷ್ಪಕಗಳ ಲಾಗ್‌ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಯಾವ ತಿಂಗಳಲ್ಲಿ, ಯಾವ ಮಣ್ಣಿನ ಮೇಲೆ ವಿಮಾನ ಇಳಿಯಿತು, ಯಾವಾಗ ಗಾಲಿ ಬದಲಾಯಿತು ಎಂಬ ವಿವರಗಳನ್ನು ಆ ಕಾಲದ ಮೆಕ್ಯಾನಿಕ್‌ಗಳು ಬದುಕಿರುವಾಗಲೇ ಕೇಳಿ ಬರೆದಿಡಿ.