ಮುಪ್ಪಿನ ನಿಧಿಯೂ ನಡುವಣ ಕಷ್ಟವೂ

ಗುಂಡ್ಲುಪೇಟೆ ಸೀಮೆಯ ತೆರಕಣಾಂಬಿಯ ಶಾಸನಗಳನ್ನು ರೈಸರು ೧೮೯೮ರಲ್ಲಿ ‘ಎಪಿಗ್ರಾಫಿಯ ಕರ್ಣಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪವಾಕ್ಯವು ವಾಚಕರಿಗೆ ಪರಿಚಿತವೇ ಆಗಿದೆ: ದತ್ತಿಯನ್ನು ಪರರು ಕಸಿದುಕೊಂಡರೆ ಮಾತ್ರವಲ್ಲ, ಕೊಟ್ಟವನೇ ಹಿಂತೆಗೆದುಕೊಂಡರೂ ಪಾಪವುಂಟು. ಕೊಟ್ಟ ವಸ್ತುವು ಕೊಟ್ಟವನದಾಗಿ ಉಳಿಯದುದರಿಂದ ಅಲ್ಲಿ ನ್ಯಾಯವು ಸ್ಪಷ್ಟ. ತನ್ನದಾಗಿಯೇ ಉಳಿದ ಹಣವನ್ನು ಹೊತ್ತಿಗೆ ಮುನ್ನ ತೆಗೆದವನಿಗೂ ತಡೆಯುಂಟೆ ಎಂಬುದು ಹೊಸ ಕಾಲದ ಪ್ರಶ್ನೆ. ಕಾರ್ಮಿಕರ ಭವಿಷ್ಯನಿಧಿಯ ಚರಿತ್ರೆಯಲ್ಲಿ ಇದು ಮತ್ತೆ ಮತ್ತೆ ಎದ್ದಿದೆ.

೧೯೫೧ರ ನವೆಂಬರ್ ೧೫ರ ಸುಗ್ರೀವಾಜ್ಞೆಯಿಂದ ಹುಟ್ಟಿ ಮರುವರ್ಷ ಕಾಯಿದೆಯಾದ ಈ ನಿಧಿಯು ಮೊದಲು ಬಟ್ಟೆ, ಸಿಮೆಂಟು, ಕಾಗದ ಮೊದಲಾದ ಆರು ಉದ್ಯಮಗಳಿಗೆ ಅನ್ವಯಿಸಿತು. ಮುಪ್ಪಿಗೆಂದು ಕೂಡಿಡುವುದೇ ಇದರ ಉದ್ದೇಶವಾದರೂ, ದೊಡ್ಡ ಶಸ್ತ್ರಚಿಕಿತ್ಸೆ, ಕ್ಷಯ, ಪಾರ್ಶ್ವವಾಯುಗಳಂಥ ವಿಪತ್ತಿಗೂ, ಏಳು ವರ್ಷಗಳ ಸದಸ್ಯತ್ವದ ಮೇಲೆ ಮದುವೆಗೂ ಮುಂಗಡ ಪಡೆಯಲು ನಿಯಮಗಳಲ್ಲಿ ಎಡೆಯಿತ್ತು. ಆದರೆ ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳ ಹೆಂಗಸರಲ್ಲಿ ಬೇರೊಂದು ರೂಢಿ ಬೆಳೆಯಿತು: ಕೆಲಸಕ್ಕೆ ರಾಜೀನಾಮೆ ಕೊಟ್ಟು, ಎರಡು ತಿಂಗಳು ಕಾದು, ಇದ್ದುದನ್ನೆಲ್ಲ ಪಡೆದುಕೊಳ್ಳುವುದು. ಸಾಲ, ಮಕ್ಕಳ ಶಾಲೆಯ ಶುಲ್ಕ, ಮನೆಯವರ ಕಾಯಿಲೆ ಇವುಗಳಿಗೆ ಅದೇ ಮದ್ದು. ಅದರ ಬೆಲೆಯೂ ಕಡಮೆಯದಲ್ಲ. ಐದು ವರ್ಷಗಳ ಸತತ ಸೇವೆ ತುಂಬುವ ಮುನ್ನ ಬಿಟ್ಟವಳಿಗೆ ೧೯೭೨ರ ಕಾಯಿದೆಯ ಗ್ರಾಚ್ಯುಯಿಟಿ ದೊರೆಯುತ್ತಿರಲಿಲ್ಲ. ತೆಗೆದ ನಿಧಿಗೆ ಆದಾಯ ತೆರಿಗೆಯೂ ತಗಲುತ್ತಿದ್ದಿತು. ೨೦೧೫ರ ಜೂನ್ ೧ರಿಂದ ಅಂಥ ಹಣವು ೩೦,೦೦೦ ರೂಪಾಯಿ ಮುಟ್ಟಿದರೆ ಶೇಕಡ ೧೦ನ್ನು ಕೊಡುವಾಗಲೇ ಮುರಿದುಕೊಳ್ಳುವ ಏರ್ಪಾಡಾಯಿತು. ೨೦೧೬ರಲ್ಲಿ ಈ ಮಿತಿಯು ೫೦,೦೦೦ಕ್ಕೆ ಏರಿತು. ಇದನ್ನು ದಂಡವೆನ್ನುವುದು ಶಾಸ್ತ್ರೀಯವಾಗಿ ಸರಿಯಲ್ಲ, ಏಕೆಂದರೆ ಆದಾಯ ಕಡಮೆಯಿದ್ದವರು ಅದನ್ನು ಮರಳಿ ಕೇಳಬಹುದು. ಹೊಲಿಗೆಯ ಯಂತ್ರದ ಮುಂದೆ ದಿನವೆಲ್ಲ ಕುಳಿತವಳಿಗೆ ಆ ಅರ್ಜಿಯ ದಾರಿ ಎಷ್ಟು ದೂರವೆಂಬುದು ಬೇರೆ ಮಾತು. ರಿಯಾಯಿತಿಯನ್ನು ಕೊಡುವಾಗಲೂ ಕಾನೂನು ಹೆಸರಿಸಿದ್ದು ನೌಕರನ ಕಾಯಿಲೆಯನ್ನು, ಮನೆಯವರದನ್ನಲ್ಲ.

೨೦೧೬ರ ಫೆಬ್ರವರಿ ೧೦ರ ಪ್ರಕಟಣೆಯು, ಮಾಲೀಕರು ಕಟ್ಟಿದ ಪಾಲನ್ನು ೫೮ ವರ್ಷ ತುಂಬುವವರೆಗೆ ತೆಗೆಯಕೂಡದೆಂದು ವಿಧಿಸಿತು. ಏಪ್ರಿಲ್ ೧೮ರಂದು ಸಾವಿರಾರು ಹೆಂಗಸರು ಬೆಂಗಳೂರಿನ ಹೊಸೂರು ರಸ್ತೆಗಿಳಿದರು. ಸಂಘಗಳು ಕರೆಕೊಟ್ಟು ಹೂಡಿದ ಮುಷ್ಕರವು ಇದಲ್ಲ. ಮುಂದಾಳುಗಳೇ ಬೆರಗಾದರೆಂಬುದು ಚರಿತ್ರಕಾರರು ಗಮನಿಸಬೇಕಾದ ಸಂಗತಿ. ಮರುದಿನ ಬಸ್ಸುಗಳು ಸುಟ್ಟವು, ಲಾಠಿಪ್ರಹಾರವಾಯಿತು. ಆ ದಿನವೇ ಕೇಂದ್ರದ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ಪ್ರಕಟಣೆಯನ್ನು ರದ್ದುಮಾಡಿದುದಾಗಿ ಸಾರಿದರು.

ಮುಪ್ಪಿನಲ್ಲಿ ಬರಿಗೈಯಾಗಬಾರದೆಂಬ ಸರಕಾರದ ವಾದವು ಸುಳ್ಳಲ್ಲ. ಆದರೆ ಅರುವತ್ತರ ಹೊತ್ತಿಗೆ ಕಾಪಾಡಲಿರುವ ಹಣವು ಮೂವತ್ತರಲ್ಲಿ ಬಡ್ಡಿಗೆ ಸಾಲ ತರುವುದನ್ನು ತಪ್ಪಿಸದಿದ್ದರೆ, ಅದನ್ನು ತನ್ನದೆಂದು ನಂಬುವುದು ಕಷ್ಟ. ೨೦೨೫ರ ಅಕ್ಟೋಬರ್ ೧೩ರಂದು ನಿಧಿಯ ಕೇಂದ್ರ ಮಂಡಲಿಯು, ಕೆಲಸ ಹೋದವರು ಪೂರ್ತಿ ಹಣಕ್ಕೆ ಕಾಯಬೇಕಾದ ಅವಧಿಯನ್ನು ಎರಡು ತಿಂಗಳಿನಿಂದ ಹನ್ನೆರಡಕ್ಕೆ ಏರಿಸಲು ತೀರ್ಮಾನಿಸಿತು.