ಚಾಮಯ್ಯ ಮೇಷ್ಟ್ರ ಸಾವು ಇನ್ನೂ ಯಾಕೆ ಕಾಡುತ್ತೆ?

ಸಿನಿಮಾದಲ್ಲಿ ನಿಮ್ಮನ್ನ ತುಂಬಾ ಕಾಡಿದ ಸಾವು ಯಾವುದು ಅಂತ ಕೇಳಿದ್ರೆ, ರಕ್ತ ಚಿಮ್ಮೋ ಯಾವುದಾದ್ರೂ ಹೊಸ ಸಿನಿಮಾ ಹೆಸರು ಹೇಳ್ತೀರೇನೋ. ನನ್ನ ಉತ್ತರ ಐವತ್ತು ವರ್ಷ ಹಳೇದು. ಅದರಲ್ಲಿ ಕತ್ತಿ ಇಲ್ಲ, ಗುಂಡಿಲ್ಲ, ವಿಲನ್ನೂ ಇಲ್ಲ.

1972ರ ‘ನಾಗರಹಾವು’. ತ.ರಾ.ಸು. ಅವರ ಮೂರು ಕಾದಂಬರಿಗಳನ್ನ ಸೇರಿಸಿ ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ. ಸಂಪತ್ ಕುಮಾರ್ ಅನ್ನೋ ಹುಡುಗ ವಿಷ್ಣುವರ್ಧನ್ ಆಗಿದ್ದು ಇದರಲ್ಲೇ. ಇನ್ನೂ ನೋಡದವರಿಗೆ ಒಂದು ಮಾತು: ಮುಂದೆ ಕ್ಲೈಮ್ಯಾಕ್ಸ್ ಹೇಳ್ತಿದ್ದೀನಿ.

ರಾಮಾಚಾರಿ ಊರಿಗೆಲ್ಲ ತಲೆನೋವು. ಅವನು ತಲೆಬಾಗೋದು ಒಬ್ಬರಿಗೆ ಮಾತ್ರ, ಚಾಮಯ್ಯ ಮೇಷ್ಟ್ರಿಗೆ. ಮಕ್ಕಳಿಲ್ಲದ ಮೇಷ್ಟ್ರಿಗೂ ಇವನೇ ಮಗ. ಅಲಮೇಲು ಜೊತೆಗಿನ ಪ್ರೀತಿಗೆ ಜಾತಿ, ಸಂಪ್ರದಾಯ ಅಡ್ಡ ಬಂದಾಗ, ತ್ಯಾಗ ಮಾಡು ಅಂತಾರೆ ಮೇಷ್ಟ್ರು. ಮಾಡ್ತಾನೆ. ಮುಂದೊಂದು ದಿನ ಅದೇ ಅಲಮೇಲು ಹೋಟೆಲೊಂದರಲ್ಲಿ ಸಿಗ್ತಾಳೆ. ಗಂಡನೇ ಅವಳನ್ನ ಮಾರಿಬಿಟ್ಟಿರ್ತಾನೆ.

ಈಗ ಕೊನೆಯ ದೃಶ್ಯಕ್ಕೆ ಬನ್ನಿ. ಚಿತ್ರದುರ್ಗದ ಕೋಟೆ. ರಾಮಾಚಾರಿ ಜೊತೆ ಮಾರ್ಗರೆಟ್ ಇದ್ದಾಳೆ, ಕ್ರಿಶ್ಚಿಯನ್ ಹುಡುಗಿ. ಮತ್ತೆ ಮೇಷ್ಟ್ರು ಬರ್ತಾರೆ, ಮತ್ತೆ ಅದೇ ಬುದ್ಧಿಮಾತು. ಒಂದು ಸಲ ಆ ಮಾತು ಕೇಳಿ ಒಬ್ಬಳ ಬಾಳು ಹಾಳಾಗಿದ್ದನ್ನ ನೋಡಿದವನು ಇವನು. ಸಿಟ್ಟು ನೆತ್ತಿಗೇರುತ್ತೆ, ಕೈ ಮುಂದೆ ಹೋಗುತ್ತೆ, ಮೇಷ್ಟ್ರು ಬಂಡೆಯಿಂದ ಕೆಳಗೆ. ಕೊಲ್ಲಬೇಕು ಅಂತ ತಳ್ಳಿದ್ದಲ್ಲ. ಅದಾದ ಮೇಲೆ ಅವನಿಗೂ ಬದುಕು ಬೇಡವಾಗುತ್ತೆ. ಮಾರ್ಗರೆಟ್ ಕೂಡ ಜೊತೆಗೇ ಹೋಗ್ತಾಳೆ. ನನಗೆ ಇವತ್ತಿಗೂ ಅವಳ ಬಗ್ಗೆ ಬೇಜಾರು. ಆ ಜಗಳ ಅವಳದ್ದೇ ಆಗಿರಲಿಲ್ಲ.

ಒಂದು ವಿಷಯ ಗಮನಿಸಿ. ಇದೇ ಚಿತ್ರದಲ್ಲಿ ಇದೇ ಕೋಟೆಯ ಇನ್ನೊಂದು ಕಥೆಯಿದೆ. ಹದಿನೆಂಟನೇ ಶತಮಾನದಲ್ಲಿ ಹೈದರಾಲಿಯ ಮುತ್ತಿಗೆ, ಕಿಂಡಿಯಲ್ಲಿ ನುಸುಳಿದ ಸೈನಿಕರನ್ನ ಒಬ್ಬೊಬ್ಬರನ್ನಾಗಿ ಒನಕೆಯಿಂದ ಮುಗಿಸೋ ಓಬವ್ವ. ಜಯಂತಿ ಮಾಡಿದ್ದು. ಎಷ್ಟು ಹೆಣ ಬೀಳುತ್ತೆ ಅಂತ ಯಾರೂ ಲೆಕ್ಕ ಇಡಲ್ಲ, ಶಿಳ್ಳೆ ಹೊಡೀತೀವಿ. ಅಲ್ಲಿ ಸತ್ತವರು ಶತ್ರುಗಳು. ಇಲ್ಲಿ ಸತ್ತವರು ಕೈಹಿಡಿದು ಬೆಳೆಸಿದವರು, ಅದೂ ತಪ್ಪು ಮಾಡಿದವರು. ಯಾರ ಪರ ನಿಲ್ಲಬೇಕು ಅಂತ ಪುಟ್ಟಣ್ಣ ಹೇಳೋದೇ ಇಲ್ಲ.

ನಮ್ಮಪ್ಪ ಸ್ಕೂಲ್ ಮೇಷ್ಟ್ರು. ಟಿವಿಯಲ್ಲಿ ಈ ಸೀನ್ ಬರೋ ಹೊತ್ತಿಗೆ ನೀರು ಕುಡಿಯೋ ನೆಪದಲ್ಲಿ ಎದ್ದು ಹೋಗ್ತಿದ್ರು. ಮೇಷ್ಟ್ರು ಸಾಯೋದು ನೋಡಕ್ಕಾಗಲ್ಲ ಅಂತ ನಾನಂದುಕೊಂಡಿದ್ದೆ. 2018ರಲ್ಲಿ ಚಿತ್ರ ಹೊಸದಾಗಿ ಥಿಯೇಟರಿಗೆ ಬಂದಾಗ ಕರ್ಕೊಂಡು ಹೋದೆ. ಎದ್ದು ಹೋಗೋಕೆ ಜಾಗ ಇರಲಿಲ್ಲ. ಹೊರಗೆ ಬಂದು ಬೈಕ್ ಹತ್ತೋವಾಗ ಅಂದ್ರು: “ಆ ಹುಡುಗಿ ವಿಷಯದಲ್ಲಿ ಚಾಮಯ್ಯ ಮಾಡಿದ್ದು ಸರಿಯಿಲ್ಲ ಕಣೋ. ನಾವೂ ಎಷ್ಟು ಮಕ್ಕಳಿಗೆ ಹಂಗೇ ಹೇಳಿದ್ದೀವೋ.” ಮನೆ ಬರೋತನಕ ಇಬ್ರೂ ಮಾತಾಡಲಿಲ್ಲ.

2009ರ ಡಿಸೆಂಬರ್ 30ರಂದು ಮೈಸೂರಲ್ಲಿ ವಿಷ್ಣುವರ್ಧನ್ ತೀರಿಕೊಂಡ್ರು. ಚಾಮಯ್ಯ ಮೇಷ್ಟ್ರಾಗಿದ್ದ ಕೆ.ಎಸ್. ಅಶ್ವಥ್ ಕೂಡ ಮೈಸೂರಲ್ಲೇ ಹೋದ್ರು, 2010ರ ಜನವರಿ 18ಕ್ಕೆ. ಮಧ್ಯೆ ಇದ್ದಿದ್ದು 19 ದಿನ. ಈ ಸಲ ಶಿಷ್ಯನೇ ಮೊದಲು ಹೋಗಿದ್ದ.