ಜನರಲ್ ತಿಮ್ಮಯ್ಯನವರೂ ಜೋಜಿಲಾ ದಾರಿಯೂ

ಜನರಲ್ ತಿಮ್ಮಯ್ಯನವರು ಕೊಡಗಿನವರು, 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಆದರೆ ಎಂಟನೆಯ ವಯಸ್ಸಿಗೆ ಅವರನ್ನು ಓದಲು ಕಳಿಸಿದ್ದು ನಮ್ಮ ಕೂನೂರಿನ ಸೇಂಟ್ ಜೋಸೆಫ್ಸ್ ಶಾಲೆಗೆ. ಹಾಗಾಗಿ ನೀಲಗಿರಿಯ ನಮಗೂ ಅವರು ತೀರಾ ಹೊರಗಿನವರಲ್ಲ. 1926ರಲ್ಲಿ ಸೈನ್ಯದ ಅಧಿಕಾರಿಯಾದರು, ಬರ್ಮಾದಲ್ಲಿ ಜಪಾನೀಯರ ಮೇಲೆ ಹೋರಾಡಿದರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಇವಿಷ್ಟು ಎಲ್ಲರೂ ಹೇಳ್ತಾರೆ. ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುವುದು 1948ರ ಜೋಜಿಲಾ ಕಥೆ. ಘಾಟಿ ದಾರಿ ಅಂದರೇನು ಅಂತ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ ನೋಡಿ.

ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಹನ್ನೊಂದು ಸಾವಿರ ಅಡಿಗೂ ಮೇಲೆ ಇರುವ ಕಣಿವೆ ಜೋಜಿಲಾ. ಅದು ಪಾಕಿಸ್ತಾನದ ಕಡೆಯ ಪಡೆಗಳ ಕೈಯಲ್ಲಿತ್ತು. ಲೇಹ್‌ಗೆ ವಿಮಾನವೊಂದೇ ಗತಿ. ಆ ಮೇ ತಿಂಗಳಲ್ಲಿ ಅಲ್ಲಿ ಮೊದಲ ಬಾರಿಗೆ ಡಕೋಟಾ ವಿಮಾನ ಇಳಿದಾಗ ತಿಮ್ಮಯ್ಯನವರೂ ಅದರೊಳಗೆ ಕೂತಿದ್ದರು. ಸೆಪ್ಟೆಂಬರಿನಲ್ಲಿ ನಮ್ಮ ಕಾಲಾಳುಗಳು ಕಣಿವೆಯನ್ನು ಹಿಡಿಯಲು ಹೋಗಿ, ಸಾವುನೋವು ತಿಂದು ಹಿಂದೆ ಬಂದರು. ಇನ್ನು ಹಿಮ ಬಿದ್ದರೆ ದಾರಿ ಮುಚ್ಚುತ್ತದೆ, ಲೇಹ್ ಕೈಬಿಟ್ಟು ಹೋಗುತ್ತದೆ.

ಆಗ ಟ್ಯಾಂಕುಗಳನ್ನೇ ಮೇಲೆ ಹತ್ತಿಸಬೇಕು ಎಂದು ತೀರ್ಮಾನವಾಯಿತು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು, ಮೇಲಿನ ತೋಪಿನ ಗೋಪುರ ಬಿಚ್ಚಿ, ಯಾರಿಗೂ ಸುಳಿವು ಸಿಗದ ಹಾಗೆ ಜಮ್ಮುವಿನ ಕಡೆಯಿಂದ ತಂದರು. ಆದರೆ ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವಷ್ಟು ದಾರಿ. ಅದನ್ನು ಬಂಡೆ ಒಡೆದು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡ, ನಮ್ಮ ದಕ್ಷಿಣದ ಹುಡುಗರೇ ಹೆಚ್ಚಾಗಿ ಇರುವ ದಳ. ಆ ಚಳಿಯಲ್ಲಿ, ಶತ್ರುವಿನ ಗುಂಡಿನ ಎದುರಿಗೆ ಮಾಡಿದ ಕೆಲಸ ಅದು.

ನವೆಂಬರ್ 1ರಂದು ಹಿಮ ಬೀಳುತ್ತಿದ್ದಾಗಲೇ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ಮುಂದಿನ ಟ್ಯಾಂಕಿನಲ್ಲೇ ಇದ್ದರು. ಅಷ್ಟು ಎತ್ತರಕ್ಕೆ ಟ್ಯಾಂಕು ಬರುತ್ತದೆಂದು ಎದುರಿನವರು ಕನಸಲ್ಲೂ ಎಣಿಸಿರಲಿಲ್ಲ. ಬಂಕರು ಬಿಟ್ಟು ಓಡಿದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಕೈಗೆ ಬಂದವು, ಲೇಹ್ ದಾರಿ ತೆರೆಯಿತು.

ಮುಂದಿನ ಟ್ಯಾಂಕಿನಲ್ಲಿ ಕೂತ ಜನರಲ್ಲರನ್ನು ಹೊಗಳುವುದು ಸರಿಯೇ. ಪಡೆಯನ್ನು ಸಾವಿನ ಬಾಯಿಗೆ ಕಳಿಸಿ ತಾನು ಹಿಂದೆ ನಿಲ್ಲುವ ಪೈಕಿ ಅಲ್ಲ ಅವರು. 1965ರಲ್ಲಿ ತೀರಿಕೊಂಡದ್ದೂ ಸೈಪ್ರಸ್ ದ್ವೀಪದಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಕೆಲಸದಲ್ಲಿದ್ದಾಗಲೇ. ಆದರೆ ಆ ಟ್ಯಾಂಕು ಉರುಳಿದ್ದು ಯಾರೋ ಗುದ್ದಲಿ ಹಿಡಿದು ಕಡಿದ ದಾರಿಯ ಮೇಲೆ. ಮೇಷ್ಟ್ರುಗಳು ಈ ಪಾಠ ಮಾಡುವಾಗ ತಿಮ್ಮಯ್ಯನವರ ಹೆಸರಿನ ಜೊತೆಗೆ ಸ್ಯಾಪರ್ಸ್ ಎಂಬ ಒಂದು ಮಾತನ್ನೂ ಕರಿಹಲಗೆಯ ಮೇಲೆ ಬರೆಯಲಿ.